ನೀಲಗಿರಿಯ ನುಡಿ, ಆಕ್ಸ್‌ಫರ್ಡಿನ ಕೋಶ: ಒಂದು ವಿಶ್ವವಿದ್ಯಾನಿಲಯದ ಹಿರಿಮೆಯನ್ನು ಊಟಿಯಿಂದ ಓದುವುದು

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಊಟಿಯಲ್ಲಿ ಕುಳಿತು ಬರೆಯಲು ಸಾಧ್ಯವೆ ಎಂಬ ಪ್ರಶ್ನೆ ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆ ಸಂಸ್ಥೆಯ ಚರಿತ್ರೆಯನ್ನು ಅದೇ ಊರಿನ ವಿದ್ವಾಂಸರು ಹಲವು ಸಂಪುಟಗಳಲ್ಲಿ ಬರೆದಿದ್ದಾರೆ. 1096ರ ವೇಳೆಗೆ ಅಲ್ಲಿ ಯಾವುದೋ ಬಗೆಯ ಪಾಠಪ್ರವಚನ ನಡೆಯುತ್ತಿತ್ತು. 1167ರಲ್ಲಿ ಎರಡನೆಯ ಹೆನ್ರಿ ತನ್ನ ಪ್ರಜೆಗಳು ಪ್ಯಾರಿಸ್ಸಿಗೆ ಹೋಗಿ ಓದುವುದನ್ನು ತಡೆದ ಮೇಲೆ ಅದು ಬೇಗ ಬೆಳೆಯಿತು. 1871ರ ಕಾಯಿದೆಯ ನಂತರ ಆಂಗ್ಲಿಕನ್ ಮತಕ್ಕೆ ಸೇರದವರಿಗೂ ಅಲ್ಲಿನ ಪದವಿ, ಹುದ್ದೆಗಳು ಪೂರ್ಣವಾಗಿ ತೆರೆದವು. ಹೆಂಗಸರಿಗೆ ಪದವಿ ದೊರೆತದ್ದು 1920ರಲ್ಲಿ. ಇವೆಲ್ಲ ಎಲ್ಲರಿಗೂ ತಿಳಿದ ಸಂಗತಿಗಳು. ಈ ಲೇಖನಕ್ಕೆ ಬೇಕಾದದ್ದು ಅದೇ ಚರಿತ್ರೆಯ ಇನ್ನೊಂದು ಎಳೆ. ಆ ಎಳೆಯನ್ನು ಹಿಡಿದು ಹೊರಟರೆ ಊಟಿಯ ಒಂದು ಶಾಲೆ, ಕೇತಿಯ ಒಂದು ಮಿಶನ್ ಮನೆ, ಕೋತರ ಒಂದು ಹಟ್ಟಿ ನಮ್ಮ ಎದುರಿಗೆ ಬಂದು ನಿಲ್ಲುತ್ತವೆ.

ಇದನ್ನು ಬರೆಯಲು ತಕ್ಷಣದ ಕಾರಣವೊಂದಿದೆ. ಕೆಲವು ವರ್ಷಗಳ ಹಿಂದೆ ಅಧ್ಯಾಪಕ ಹುದ್ದೆಯೊಂದರ ಸಂದರ್ಶನದಲ್ಲಿ ನನ್ನ ಪ್ರಕಟಣೆಗಳ ಪಟ್ಟಿಯನ್ನು ನೋಡಿದ ಹಿರಿಯರೊಬ್ಬರು ಕನ್ನಡದ ಲೇಖನಗಳ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದು, ‘ಇವು ಸ್ಕೋಪಸ್ಸಿನಲ್ಲಿ ಇಲ್ಲವಲ್ಲ’ ಎಂದರು. ಅವರ ಮಾತಿನಲ್ಲಿ ತಿರಸ್ಕಾರವಿರಲಿಲ್ಲ. ನಿಯಮವನ್ನು ಓದಿಹೇಳುವವರ ಆಯಾಸವಷ್ಟೇ ಇತ್ತು. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಜಗತ್ತಿನ ವಿಶ್ವವಿದ್ಯಾನಿಲಯಗಳಲ್ಲಿ ಅತಿ ಎತ್ತರದಲ್ಲಿದೆ ಎನ್ನಿಸಿಕೊಳ್ಳುವ ಸಂಸ್ಥೆಯು ದ್ರಾವಿಡ ಅಧ್ಯಯನಕ್ಕೆ ಕೊಟ್ಟ ಅತ್ಯುತ್ತಮ ಕೊಡುಗೆಯನ್ನು ಈ ಗೆರೆ ಎಳೆಯುವ ಪೆನ್ಸಿಲು ಅಳೆಯಬಲ್ಲುದೆ?

ಮೊದಲು ಪೋಪ್ ಅವರಿಂದ ಆರಂಭಿಸೋಣ. ಜಾರ್ಜ್ ಉಗ್ಲೋ ಪೋಪ್ ತಮಿಳಿಗರಿಗೆ ತಿರುಕ್ಕುರಳಿನ ಅನುವಾದಕರಾಗಿ, ತಿರುವಾಚಕದ ಭಕ್ತರಾಗಿ ಪರಿಚಿತರು. ಕೆನಡದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1820ರಲ್ಲಿ ಹುಟ್ಟಿದ ಅವರು ತಿರುನೆಲ್ವೇಲಿ, ತಂಜಾವೂರುಗಳಲ್ಲಿ ಮಿಶನರಿಯಾಗಿದ್ದು, 1859ರಿಂದ ಸುಮಾರು ಒಂದು ದಶಕ ಊಟಿಯಲ್ಲಿ ಶಾಲೆ ನಡೆಸಿದರು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾದರು. 1880ರ ದಶಕದಲ್ಲಿ ಆಕ್ಸ್‌ಫರ್ಡ್ ಸೇರಿ ತಮಿಳು, ತೆಲುಗುಗಳ ಉಪನ್ಯಾಸಕರಾಗಿ ಬೇಲಿಯಲ್ ಕಾಲೇಜಿನ ಆಶ್ರಯದಲ್ಲಿ ಉಳಿದು 1908ರಲ್ಲಿ ಅಲ್ಲಿಯೇ ತೀರಿಕೊಂಡರು. ಇಂಡಿಯನ್ ಸಿವಿಲ್ ಸರ್ವಿಸಿಗೆ ಆಯ್ಕೆಯಾದ ತರುಣರಿಗೆ ಮದರಾಸು ಪ್ರಾಂತ್ಯದ ಭಾಷೆ ಕಲಿಸುವುದು ಅಲ್ಲಿನ ಅಗತ್ಯವಾಗಿತ್ತು. ಆಕ್ಸ್‌ಫರ್ಡಿನಲ್ಲಿ ದ್ರಾವಿಡ ಭಾಷೆಗಳಿಗೆ ಮೊದಲು ಕುರ್ಚಿ ಹಾಕಿದ್ದು ಆಡಳಿತದ ಅವಸರವೇ ಹೊರತು ಜ್ಞಾನದ ಹಸಿವಲ್ಲ ಎಂಬುದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಸಂಸ್ಕೃತದ ಬೋಡನ್ ಪೀಠದ ಕತೆಯೂ ಇದಕ್ಕಿಂತ ನಿರ್ಮಲವಾದದ್ದಲ್ಲ. ಕಂಪನಿಯ ಸೈನ್ಯದ ಕರ್ನಲ್ ಜೋಸೆಫ್ ಬೋಡನ್ ಬಿಟ್ಟುಹೋದ ಹಣದಿಂದ ಸ್ಥಾಪನೆಯಾಗಿ 1832ರಲ್ಲಿ ಎಚ್. ಎಚ್. ವಿಲ್ಸನ್ ಅವರನ್ನು ಮೊದಲ ಪ್ರಾಧ್ಯಾಪಕರನ್ನಾಗಿ ಪಡೆದ ಆ ಪೀಠದ ಉದ್ದೇಶ ಬೈಬಲ್ಲನ್ನು ಸಂಸ್ಕೃತಕ್ಕೆ ತಂದು ಮತಾಂತರಕ್ಕೆ ನೆರವಾಗುವುದಾಗಿತ್ತು. 1860ರಲ್ಲಿ ಅದೇ ಪೀಠಕ್ಕೆ ನಡೆದ ಚುನಾವಣೆಯಲ್ಲಿ ಮೋನಿಯರ್ ವಿಲಿಯಮ್ಸ್ ಅವರು ಮ್ಯಾಕ್ಸ್ ಮುಲ್ಲರ್ ಅವರನ್ನು 833ಕ್ಕೆ 610 ಮತಗಳಿಂದ ಸೋಲಿಸಿದರು. ಮತ ಹಾಕಿದ ಪದವೀಧರರಲ್ಲಿ ಸಂಸ್ಕೃತ ಬಲ್ಲವರು ಬೆರಳೆಣಿಕೆಯಷ್ಟು ಮಂದಿಯೂ ಇರಲಿಕ್ಕಿಲ್ಲ. ವಿದ್ವತ್ತಿನ ಕೀರ್ತಿಯನ್ನು ವಿಷಯ ತಿಳಿಯದವರ ಎಣಿಕೆಯಿಂದ ತೀರ್ಮಾನಿಸುವ ಪದ್ಧತಿ ಇಂದಿನ ಶ್ರೇಯಾಂಕ ಕಂಪನಿಗಳು ಕಂಡುಹಿಡಿದದ್ದೇನೂ ಅಲ್ಲ.

ಪೋಪ್ ಅವರ ನೀಲಗಿರಿಯ ನಂಟಿಗೆ ಶಾಲೆಯೊಂದೇ ಸಾಕ್ಷಿಯಲ್ಲ. 1873ರಲ್ಲಿ ಡಬ್ಲ್ಯು. ಇ. ಮಾರ್ಷಲ್ ಎಂಬ ಸೇನಾಧಿಕಾರಿ ತೊದರ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ತಲೆಬುರುಡೆಯ ಉಬ್ಬುತಗ್ಗುಗಳಿಂದ ಜನರ ಸ್ವಭಾವ ಹೇಳಬಹುದೆಂಬ, ಇಂದು ನಗೆಪಾಟಲಾಗಿರುವ, ಕಪಾಲಶಾಸ್ತ್ರ ಅದರ ಬುನಾದಿ. ಆ ಪುಸ್ತಕಕ್ಕೆ ಪೋಪ್ ತೊದ ಭಾಷೆಯ ಒಂದು ಸಂಕ್ಷಿಪ್ತ ವ್ಯಾಕರಣವನ್ನು ಬರೆದುಕೊಟ್ಟರು. ಅದರ ಸಾಮಗ್ರಿ ಬಹುಮಟ್ಟಿಗೆ ಬಾಸೆಲ್ ಮಿಶನ್ನಿನ ಫ್ರೆಡ್ರಿಕ್ ಮೆಟ್ಸ್ ಕೂಡಿಸಿದ ಪದಗಳು, ವಾಕ್ಯಗಳು. ಕೇತಿಯ ಬಡಗರ ನಡುವೆ ವರ್ಷಗಟ್ಟಲೆ ಓಡಾಡಿದ ಮೆಟ್ಸ್ ಬೆಟ್ಟದ ಭಾಷೆಗಳನ್ನು ಕಿವಿಯಿಂದ ಕಲಿತವರು. ಅಂದರೆ ದಾರಿ ಹೀಗಿದೆ: ತೊದ ಮುಂದಿನಿಂದ ಮಿಶನರಿಯ ಟಿಪ್ಪಣಿಗೆ, ಅಲ್ಲಿಂದ ಶಾಲೆಯ ಮುಖ್ಯಸ್ಥರ ಮೇಜಿಗೆ, ಅಲ್ಲಿಂದ ಲಂಡನ್ನಿನ ಅಚ್ಚಿಗೆ. ದಾರಿಯ ಮೊದಲ ತುದಿಯಲ್ಲಿದ್ದ ತೊದರ ಹೆಸರು ಯಾವ ಮುಖಪುಟಕ್ಕೂ ಏರಲಿಲ್ಲ.

ಆ ವ್ಯಾಕರಣದಲ್ಲಿ ಪೋಪ್ ಮುಟ್ಟಿದ ತೀರ್ಮಾನ ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ತೊದ ಮೂಲತಃ ಹಳಗನ್ನಡವೇ. ತೊದರು ಕನ್ನಡ ನಾಡಿನಿಂದ ಬೆಟ್ಟ ಹತ್ತಿ ಬಂದವರಿರಬೇಕು, ಬಂದು ಸುಮಾರು ಎಂಟುನೂರು ವರ್ಷಗಳಾಗಿರಬೇಕು ಎಂದು ಅವರು ಭಾವಿಸಿದರು. ಈ ಮಾತು ಥರ್ಸ್ಟನ್ ಮೊದಲಾದವರ ಉಲ್ಲೇಖಗಳ ಮೂಲಕ ಬಹುಕಾಲ ಬಾಳಿತು. ನಮ್ಮವರ ಕೆಲವು ಬರಹಗಳಲ್ಲಿ ಅದು ಇಂದಿಗೂ ಆಗಾಗ ತಲೆ ಎತ್ತುತ್ತದೆ. ಕಾರಣ ಸರಳ, ಅದು ನಮಗೆ ಹಿತವಾಗಿದೆ. ಗಡಿನಾಡಿನಲ್ಲಿ ಕನ್ನಡದ ಕೆಲಸ ಮಾಡುವವರಿಗೆ ‘ಈ ಬೆಟ್ಟದ ಹಳೆಯ ನುಡಿಯೂ ನಮ್ಮದೇ’ ಎಂಬ ಮಾತಿನ ಆಕರ್ಷಣೆ ಎಷ್ಟೆಂಬುದು ನನಗೆ ಒಳಗಿನಿಂದಲೇ ಗೊತ್ತು. ಆದರೆ ಅದು ತಪ್ಪು. ತಪ್ಪೆಂದು ತೋರಿಸಿದ ಕೆಲಸದ ಅಚ್ಚಿನ ಮನೆ ಮತ್ತೆ ಆಕ್ಸ್‌ಫರ್ಡ್ ಆದದ್ದು ಚರಿತ್ರೆಯ ಒಂದು ಸೊಗಸಾದ ತಿರುವು.

ಮರ್ರೆ ಬಾರ್ನ್‌ಸನ್ ಎಮಿನೋ 1904ರಲ್ಲಿ ಕೆನಡದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದರು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಓದಿದರು. ತೊದ ಭಾಷೆಯ ಮೊದಲಿನ ವ್ಯಾಕರಣಕಾರನೂ ಅದರ ಅಧಿಕೃತ ವ್ಯಾಕರಣಕಾರನೂ ಕೆನಡದ ಒಂದೇ ಕಡಲಂಚಿನ ಪ್ರಾಂತ್ಯಗಳವರು, ಇಬ್ಬರಿಗೂ ಬೇಲಿಯಲ್ ಕಾಲೇಜಿನ ನಂಟಿತ್ತು ಎಂಬುದು ಕೇವಲ ಕಾಕತಾಳೀಯ. ಆದರೂ ಹೇಳದೆ ಬಿಡಲು ಮನಸ್ಸಾಗದು. ಯೇಲ್‌ನಲ್ಲಿ ಸಂಸ್ಕೃತದಲ್ಲಿ ಡಾಕ್ಟರೇಟು ಮುಗಿಸಿದ ಎಮಿನೋ ಅವರನ್ನು ಎಡ್ವರ್ಡ್ ಸಪೀರ್ ಅವರ ಪ್ರಭಾವ ಆಡುನುಡಿಗಳ ಕಡೆಗೆ ತಿರುಗಿಸಿತು. 1935ರಿಂದ 1938ರವರೆಗೆ ಅವರು ಭಾರತದಲ್ಲಿದ್ದು, ಅದರ ಹೆಚ್ಚಿನ ಕಾಲವನ್ನು ನೀಲಗಿರಿಯ ತೊದ, ಕೋತ, ಬಡಗ ನುಡಿಗಳಿಗೂ ಕೊಡಗಿಗೂ ಮೀಸಲಿಟ್ಟರು.

ಕೋತದ ಕೆಲಸದಲ್ಲಿ ಅವರಿಗೆ ನೆರವಾದವರು ಸುಳ್ಳಿ ಎಂಬ ಶಾಲಾಮಾಸ್ತರು. ಕೋತರಲ್ಲಿ ಓದುಬರಹ ಕಲಿತ ಮೊದಲಿಗರ ಸಾಲಿನವರು. 1924ರ ಸುಮಾರಿನ ಸಾಂಕ್ರಾಮಿಕ ರೋಗದಲ್ಲಿ ಕೋತರ ಅನೇಕರು ಸತ್ತ ಮೇಲೆ ಸಮುದಾಯದೊಳಗೆ ಎದ್ದ ವಾದವಿವಾದಗಳಲ್ಲಿ ಸುಳ್ಳಿ ಸುಧಾರಣೆಯ ಪರವಾಗಿ ನಿಂತರು. ಉದ್ದ ಕೂದಲನ್ನು ಕತ್ತರಿಸಿಕೊಂಡದ್ದೇ ಊರಿನಲ್ಲಿ ದೊಡ್ಡ ಸಂಗತಿಯಾಯಿತು. ಮಾನವಶಾಸ್ತ್ರಜ್ಞ ಡೇವಿಡ್ ಮಂಡೆಲ್‌ಬಾಮ್ 1960ರಲ್ಲಿ ಅವರ ವ್ಯಕ್ತಿಚಿತ್ರವನ್ನೇ ಬರೆದರು. ಸುಳ್ಳಿ ಹೇಳಿದ ಕತೆಗಳಿಂದ ಎಮಿನೋ ಅವರ ‘ಕೋತ ಟೆಕ್ಸ್ಟ್ಸ್’ ರೂಪುಗೊಂಡು 1944ರಿಂದ 1946ರ ನಡುವೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ ಹೊರಬಂತು. ನಮ್ಮ ಜಾನಪದ ಅಧ್ಯಯನದ ಭಾಷೆಯಲ್ಲಿ ಸುಳ್ಳಿ ‘ವಕ್ತೃ’. ಆದರೆ ಆ ಕತೆಗಳಲ್ಲಿ ಯಾವುದನ್ನು ಹೇಳಬೇಕು, ಹೇಗೆ ಜೋಡಿಸಬೇಕು, ತನ್ನ ಜನರನ್ನು ಹೊರಗಿನವರ ಮುಂದೆ ಹೇಗೆ ನಿಲ್ಲಿಸಬೇಕು ಎಂಬುದನ್ನೆಲ್ಲ ನಿರ್ಧರಿಸಿದವರು ಅವರೇ. ತೌಲನಿಕ ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಆ ಸಂಪುಟವನ್ನು ಭಾಷಾಶಾಸ್ತ್ರದ ಆಕರವೆನ್ನುವುದಕ್ಕಿಂತ ಹೆಚ್ಚಾಗಿ ಒಬ್ಬ ಗದ್ಯಲೇಖಕನ ಕೃತಿಯೆಂದೇ ಓದಿದ್ದೇನೆ.

ಇನ್ನು ಆಕ್ಸ್‌ಫರ್ಡಿನ ಕಡೆಯಿಂದ ಥಾಮಸ್ ಬರೋ. ಲಂಕಶೈರ್‌ನಲ್ಲಿ 1909ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಓದಿ, ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಮಾಡಿ, 1944ರಲ್ಲಿ ಬೋಡನ್ ಪೀಠಕ್ಕೆ ಬಂದವರು, 1976ರವರೆಗೆ ಅಲ್ಲಿದ್ದರು. ಬೈಬಲ್ ಅನುವಾದಕ್ಕಾಗಿ ಹುಟ್ಟಿದ ಪೀಠದಲ್ಲಿ ಕುಳಿತವರು ಸಂಸ್ಕೃತದಲ್ಲಿ ಸೇರಿಕೊಂಡ ದ್ರಾವಿಡ ಪದಗಳನ್ನು ಹುಡುಕುವುದಕ್ಕೆ ತೊಡಗಿದರು. ಬರೋ ಮತ್ತು ಎಮಿನೋ ಇಬ್ಬರ ಹೆಸರಿನಲ್ಲಿ ‘ದ್ರಾವಿಡಿಯನ್ ಎಟಿಮಾಲಜಿಕಲ್ ಡಿಕ್ಷನರಿ’ 1961ರಲ್ಲಿ ಆಕ್ಸ್‌ಫರ್ಡಿನ ಕ್ಲಾರೆಂಡನ್ ಮುದ್ರಣಾಲಯದಿಂದ ಪ್ರಕಟವಾಯಿತು. 1968ರಲ್ಲಿ ಪುರವಣಿ, 1984ರಲ್ಲಿ ಪರಿಷ್ಕೃತ ಎರಡನೆಯ ಆವೃತ್ತಿ. ಐದೂವರೆ ಸಾವಿರದಷ್ಟು ಪದಗುಚ್ಛಗಳು. ಪ್ರತಿ ಗುಚ್ಛದಲ್ಲಿ ತಮಿಳು, ಮಲೆಯಾಳದ ಬಳಿಕ ನೀಲಗಿರಿಯ ನುಡಿಗಳು, ಆಮೇಲೆ ಕನ್ನಡ, ಕೊಡವ, ತುಳು, ತೆಲುಗು, ಹೀಗೆ ಉತ್ತರದ ಬ್ರಾಹುಈವರೆಗೆ. ಇದರಲ್ಲಿ ಕನ್ನಡದ ಪಾಲಿಗೆ ಮುಖ್ಯ ಆಧಾರ ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ಕೋಶ. ಕೋತ, ತೊದಗಳ ಪಾಲಿಗೆ ಆಧಾರ ಎಮಿನೋ ಬೆಟ್ಟದಲ್ಲಿ ತುಂಬಿಕೊಂಡ ಟಿಪ್ಪಣಿಪುಸ್ತಕಗಳು.

ಕೋಶದ ಒಂದೆರಡು ಸಾಲುಗಳನ್ನು ನೋಡಿದರೆ ಪೋಪ್ ಎಲ್ಲಿ ಜಾರಿದರೆಂಬುದು ತಿಳಿಯುತ್ತದೆ. 1977ನೆಯ ಗುಚ್ಛ ತೆಗೆಯಿರಿ. ತಮಿಳಿನಲ್ಲಿ ‘ಚೆವಿ’, ಕನ್ನಡದಲ್ಲಿ ‘ಕಿವಿ’, ಕೋತದಲ್ಲಿ ‘ಕೆವ್’. ತಮಿಳು ತಾಲವ್ಯ ಸ್ವರಗಳ ಮುಂದಿನ ಕಕಾರವನ್ನು ಚಕಾರವಾಗಿಸಿತು. ಕನ್ನಡವೂ ಕೋತವೂ ಹಾಗೆ ಮಾಡಲಿಲ್ಲ. ಇಷ್ಟನ್ನೇ ಕಂಡವರಿಗೆ ಕೋತ, ತೊದ ಕನ್ನಡದ ತಂಗಿಯರೆಂದು ತೋರುವುದು ಸಹಜ. ಆದರೆ ಹಳೆಯ ಧ್ವನಿಯನ್ನು ಬದಲಿಸದೆ ಉಳಿಸಿಕೊಂಡದ್ದು ನಂಟಿಗೆ ಪುರಾವೆಯಾಗದು. ಒಂದೇ ಮನೆಯ ಹಳೆಯ ಪಾತ್ರೆಯನ್ನು ದೂರದ ಇಬ್ಬರು ಸೋದರಿಕೆಯವರು ಬೇರೆಬೇರೆಯಾಗಿ ಕಾಪಾಡಿಕೊಂಡ ಹಾಗೆ ಅದು. ಕೂಡಿ ಮಾಡಿಕೊಂಡ ಹೊಸ ಬದಲಾವಣೆಗಳೇ ಕವಲನ್ನು ತೀರ್ಮಾನಿಸುವಂಥವು. ಆ ಅಳತೆಯಲ್ಲಿ ತೊದ, ಕೋತಗಳು ಕನ್ನಡವು ಕವಲೊಡೆದು ಹೋದ ಮೇಲೂ ತಮಿಳು, ಮಲೆಯಾಳ, ಕೊಡವಗಳ ಗುಂಪಿನೊಂದಿಗೆ ಉಳಿದಿದ್ದವೆಂದು ಎಮಿನೋ ವಾದಿಸಿದರು. ಬಡಗದ ಸಂಗತಿ ಬೇರೆ. 4096ನೆಯ ಗುಚ್ಛದಲ್ಲಿ ತಮಿಳಿನ ‘ಪಾಲ್’, ಕೋತದ ‘ಪಾಲ್’, ಹಳಗನ್ನಡದ ‘ಪಾಲ್’, ಹೊಸಗನ್ನಡದ ‘ಹಾಲು’ ಇವೆ. ಬಡಗರು ಅನ್ನುವುದು ‘ಹಾಲು’. ತಮ್ಮ ಊರನ್ನು ಕರೆಯುವುದು ‘ಹಟ್ಟಿ’. ಕನ್ನಡದ ಪಕಾರ ಹಕಾರವಾದ ಬದಲಾವಣೆಯಲ್ಲಿ ಬಡಗ ಪಾಲುಗೊಂಡಿದೆ. ಎಂದರೆ ಬಡಗರ ಹಿರಿಯರು ಮೈಸೂರು ಸೀಮೆಯ ಬಯಲಿನಿಂದ ಹೊರಟದ್ದು ಆ ಬದಲಾವಣೆ ಬೇರೂರಿದ ಮೇಲೆ. 1603ರಲ್ಲಿ ಬೆಟ್ಟ ಹತ್ತಿದ ಜೆಸೂಯಿಟ್ ಪಾದ್ರಿ ಫೆನಿಸಿಯೋ ಬಡಗರನ್ನು ಅಲ್ಲಿ ಕಂಡಿದ್ದಾನೆ. ಎರಡೂ ಸಾಕ್ಷ್ಯಗಳು ಒಂದಕ್ಕೊಂದು ಹೊಂದುತ್ತವೆ.

ಈ ಕೋಶವನ್ನು ಇಂದಿನ ಶ್ರೇಯಾಂಕದ ತಕ್ಕಡಿಯಲ್ಲಿ ಇಟ್ಟುನೋಡೋಣ. ಟೈಮ್ಸ್ ಹೈಯರ್ ಎಜುಕೇಶನ್ನಿನ ಪಟ್ಟಿಯಲ್ಲಿ ಆಕ್ಸ್‌ಫರ್ಡ್ 2017ರ ಆವೃತ್ತಿಯಿಂದ 2026ರ ಆವೃತ್ತಿಯವರೆಗೆ ಸತತ ಹತ್ತು ಬಾರಿ ಮೊದಲ ಸ್ಥಾನದಲ್ಲಿದೆ. ಆ ಪಟ್ಟಿಯಲ್ಲಿ ಸಂಶೋಧನೆಯ ಗುಣಮಟ್ಟಕ್ಕೆ ಶೇಕಡ 30ರ ತೂಕ. ಅದನ್ನು ಅಳೆಯುವುದು ಮುಖ್ಯವಾಗಿ ಸ್ಕೋಪಸ್ಸಿನ ಉಲ್ಲೇಖಗಳ ಲೆಕ್ಕದಿಂದ. 2003ರಲ್ಲಿ ಆರಂಭವಾದ ಶಾಂಘೈ ಪಟ್ಟಿಯಂತೂ ನೊಬೆಲ್ ಬಹುಮಾನಗಳನ್ನೂ ‘ನೇಚರ್’, ‘ಸೈನ್ಸ್’ ಪತ್ರಿಕೆಗಳ ಲೇಖನಗಳನ್ನೂ ಎಣಿಸುತ್ತದೆ. ದ್ರಾವಿಡ ಕೋಶವನ್ನು ಅತಿ ಹೆಚ್ಚು ಬಳಸಿಕೊಂಡವರು ಯಾರು? ಕನ್ನಡ, ತಮಿಳು, ತೆಲುಗು, ಮಲೆಯಾಳಗಳ ವಿದ್ವಾಂಸರು, ನಿಘಂಟುಕಾರರು, ಶಾಸನಗಳನ್ನು ಓದುವವರು. ಅವರ ಅಡಿಟಿಪ್ಪಣಿಗಳು ಸ್ಕೋಪಸ್ಸಿನ ಕಣ್ಣಿಗೆ ಬಹುಮಟ್ಟಿಗೆ ಬೀಳವು. ಆಕ್ಸ್‌ಫರ್ಡಿನ ಹಿರಿಮೆಯನ್ನು ಲೆಕ್ಕ ಹಾಕುವ ಯಂತ್ರಕ್ಕೆ ಆಕ್ಸ್‌ಫರ್ಡ್ ನಮಗೆ ಮಾಡಿದ ಉಪಕಾರವೇ ಕಾಣದು ಎನ್ನಬೇಕಾಗಿದೆ. ಬರೋ ಅವರಿಗೇನೂ ಇದರಿಂದ ನಷ್ಟವಿಲ್ಲ. ನಷ್ಟವಾಗುವುದು ಇಂದು ಅಂಥ ಕೆಲಸಕ್ಕೆ ಕೈ ಹಚ್ಚುವವರಿಗೆ. ಇಪ್ಪತ್ತು ವರ್ಷ ಹಿಡಿಯುವ ಕೋಶವೊಂದನ್ನು ಯಾವ ವಾರ್ಷಿಕ ವರದಿಯ ಯಾವ ಕಾಲಮಿನಲ್ಲಿ ತುಂಬುವುದು? ನಮ್ಮದೇ ಎನ್‌ಐಆರ್‌ಎಫ್ 2016ರಿಂದ ಪಟ್ಟಿ ಹೊರಡಿಸತೊಡಗಿದ ಮೇಲೆ ಈ ಪ್ರಶ್ನೆ ದೂರದ್ದಾಗಿ ಉಳಿದಿಲ್ಲ.

ಆಕ್ಸ್‌ಫರ್ಡಿನ ಹಳೆಯ ಕ್ರಮ ಇದಕ್ಕಿಂತ ಉದಾರವಾಗಿತ್ತೆಂದು ಹೇಳಿದರೆ ಪೂರ್ತಿ ತಪ್ಪಾಗದು. ಮೈಸೂರಿನ ಎಂ. ಎನ್. ಶ್ರೀನಿವಾಸ್ ಅಲ್ಲಿ 1947ರಲ್ಲಿ ಡಿ.ಫಿಲ್. ಪಡೆದರು; ಕೊಡವರ ಬಗೆಗಿನ ಅವರ ಪ್ರಬಂಧ 1952ರಲ್ಲಿ ಕ್ಲಾರೆಂಡನ್ ಮುದ್ರಣಾಲಯದಿಂದ ಪುಸ್ತಕವಾಯಿತು. ಭಾರತೀಯ ಸಮಾಜಶಾಸ್ತ್ರದ ಉಪನ್ಯಾಸಕರಾಗಿ ನೇಮಕಗೊಂಡಾಗ ಮೊದಲ ವರ್ಷವನ್ನು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕಳೆಯಲು ಇವಾನ್ಸ್-ಪ್ರಿಚರ್ಡ್ ಒಪ್ಪಿದರು. 1948ರ ಆ ವಾಸದಿಂದಲೇ ಬಹಳ ತಡವಾಗಿ, 1976ರಲ್ಲಿ, ‘ದಿ ರಿಮೆಂಬರ್ಡ್ ವಿಲೇಜ್’ ಬಂದದ್ದು. ಉಪನ್ಯಾಸಕನಿಗೆ ಮೊದಲ ವರ್ಷ ಪಾಠವೇ ಬೇಡ, ಹಳ್ಳಿಯಲ್ಲಿ ಇದ್ದು ಬಾ ಎನ್ನುವ ವಿಭಾಗ ಇಂದು ಎಲ್ಲಿದೆ? ಆದರೆ ಆ ಔದಾರ್ಯವನ್ನು ಸಾಧ್ಯಮಾಡಿದ ಸಂಪತ್ತು ಎಲ್ಲಿಯದೆಂಬುದನ್ನೂ ಮರೆಯುವಂತಿಲ್ಲ. ಎಮಿನೋ ಅವರನ್ನು ಆಕ್ಸ್‌ಫರ್ಡಿಗೆ ಕರೆತಂದ, ಮುಂದೆ 1960ರಲ್ಲಿ ಗಿರೀಶ ಕಾರ್ನಾಡರನ್ನೂ ಕರೆತಂದ ವಿದ್ಯಾರ್ಥಿವೇತನ ಸೆಸಿಲ್ ರೋಡ್ಸ್‌ನದು. ಅದರ ಹಿಂದಿರುವುದು ದಕ್ಷಿಣ ಆಫ್ರಿಕದ ವಜ್ರದ ಗಣಿಗಳು.

ಇಲ್ಲಿಯವರೆಗೆ ಬೆರಳು ಹೊರಗಿನವರ ಕಡೆ ತಿರುಗಿತ್ತು. ಈಗ ಒಳಗೆ ತಿರುಗಿಸಬೇಕು. 1984ರ ಕೋಶದಲ್ಲಿ ಕೋತ, ತೊದಗಳು ಪುಟಪುಟದಲ್ಲೂ ಕಾಣುವಾಗ ಬಡಗದ ಪಾಲು ತೀರ ಸಣ್ಣದು. ನೀಲಗಿರಿಯ ಈ ಮೂರು ನುಡಿಗಳಲ್ಲಿ ಅತಿ ಹೆಚ್ಚು ಜನ ಆಡುವ ನುಡಿ ಅದು. ಎಮಿನೋ ಅವರಿಗೆ ಅದರ ಬೆಲೆ ಗೊತ್ತಿರಲಿಲ್ಲವೆಂದೂ ಅಲ್ಲ. 1939ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಅವರು ಬಡಗದ ಸ್ವರಗಳ ಬಗ್ಗೆ ಬರೆದ ಲೇಖನ ಭಾಷಾಲೋಕದಲ್ಲಿ ಪ್ರಸಿದ್ಧ. ನಾಲಗೆಯನ್ನು ಮಡಿಸಿ ಉಚ್ಚರಿಸುವ ಮೂರ್ಧನ್ಯತೆ ವ್ಯಂಜನಗಳಿಗೆ ಮಾತ್ರ ಸಲ್ಲುತ್ತದೆಂದು ನಾವು ತಿಳಿದಿರುವಾಗ, ಬಡಗದಲ್ಲಿ ಸ್ವರಗಳೇ ಸಾಮಾನ್ಯ, ಅರೆಮೂರ್ಧನ್ಯ, ಪೂರ್ಣಮೂರ್ಧನ್ಯವೆಂದು ಮೂರು ಬಗೆಯಾಗಿ ಅರ್ಥಭೇದ ಮಾಡುತ್ತವೆಂದು ಅವರು ತೋರಿಸಿದರು. ಲೋಪವಾದ ವ್ಯಂಜನಗಳ ನೆನಪನ್ನು ಸ್ವರ ಹೊತ್ತುಕೊಂಡಿತ್ತು. ಇಷ್ಟು ಅಪರೂಪದ ಸಂಗತಿಯಾದ್ದರಿಂದಲೇ ಜಗತ್ತಿನ ಧ್ವನಿಶಾಸ್ತ್ರದ ಗ್ರಂಥಗಳು ಬಡಗವನ್ನು ಹೆಸರಿಸುತ್ತವೆ. ಹಾಗಿದ್ದೂ ಕೋಶದಲ್ಲಿ ಅದಕ್ಕೆ ಎಡೆ ಕಡಿಮೆಯಾದದ್ದಕ್ಕೆ ಒಂದು ಕಾರಣ ನಿಘಂಟಿನ ಕೊರತೆ; ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ತಿಯಾನ್ ಪಿಲೋ-ರೈಚೂರ್ ಅವರ ಬಡಗ-ಇಂಗ್ಲಿಷ್ ನಿಘಂಟು ಬರ್ಲಿನ್ನಿನಿಂದ ಹೊರಟದ್ದು 1992ರಲ್ಲಿ. ಇನ್ನೊಂದು ಕಾರಣ, ‘ಅದು ಕನ್ನಡವೇ ತಾನೆ’ ಎಂಬ ಊಹೆ.

ಆ ಊಹೆಯಲ್ಲಿ ನಮ್ಮ ಪಾಲು ದೊಡ್ಡದು. 2011ರ ಜನಗಣತಿ ಕನ್ನಡಿಗರ ಒಟ್ಟು ಸಂಖ್ಯೆಯನ್ನು 4,37,06,512 ಎಂದು ಹೇಳುತ್ತದೆ. ಅದರೊಳಗೆ 1,33,550 ಮಂದಿ ತಮ್ಮ ತಾಯ್ನುಡಿ ಬಡಗವೆಂದು ಬರೆಸಿದವರು. ಯುನೆಸ್ಕೋದ ಪಟ್ಟಿ ಅದೇ ಬಡಗವನ್ನು ಪ್ರತ್ಯೇಕ ಭಾಷೆಯೆಂದು ಎಣಿಸಿ ಅಳಿವಿನ ಅಂಚಿನವುಗಳಲ್ಲಿ ಸೇರಿಸಿದೆ. ಬಡಗರಲ್ಲಿ ಬಹಳ ಮಂದಿ ತಮ್ಮದು ಸ್ವತಂತ್ರ ನುಡಿಯೆಂದೇ ವಾದಿಸುತ್ತ ಬಂದಿದ್ದಾರೆ. ಕನ್ನಡ ವಿಭಾಗಗಳಲ್ಲಿ ನಾವು ಬಡಗವನ್ನು ‘ಕನ್ನಡದ ಉಪಭಾಷೆಗಳು’ ಎಂಬ ಅಧ್ಯಾಯದಲ್ಲಿ ಒಂದೂವರೆ ಪುಟದಲ್ಲಿ ಮುಗಿಸುತ್ತೇವೆ. ಪಕಾರ, ಹಕಾರದ ಸಾಕ್ಷ್ಯ ನಂಟನ್ನು ಸ್ಥಾಪಿಸುತ್ತದೆ, ಒಡೆತನವನ್ನಲ್ಲ. ಆಕ್ಸ್‌ಫರ್ಡ್ ನಮ್ಮನ್ನು ಎಣಿಕೆಗೆ ಹಿಡಿಯಲಿಲ್ಲವೆಂದು ಕೊರಗುವ ನಾವು ಬಡಗದ ಮುಂದೆ ನಿಂತಾಗ ಮಾತ್ರ ಪೋಪ್ ಅವರ ತೀರ್ಮಾನದ ಧಾಟಿಯಲ್ಲೇ ಮಾತಾಡುತ್ತೇವೆ: ಎಲ್ಲ ನಮ್ಮದೇ, ಆದ್ದರಿಂದ ಬೇರೆಯಾಗಿ ನೋಡುವ ಅಗತ್ಯವಿಲ್ಲ.

ದ್ರಾವಿಡ ಕೋಶ ಈಗ ಶಿಕಾಗೋ ವಿಶ್ವವಿದ್ಯಾನಿಲಯದ ಕೃಪೆಯಿಂದ ಅಂತರ್ಜಾಲದಲ್ಲಿ ಯಾರಿಗೂ ತೆರೆದಿದೆ. ಊಟಿಯ ಮಳೆಯ ಸಂಜೆಗಳಲ್ಲಿ ಸಂಪರ್ಕ ಕೈಕೊಡದಿದ್ದರೆ ಇಲ್ಲಿಂದಲೂ ಓದಬಹುದು. ಕಳೆದ ಕೆಲವು ತಿಂಗಳುಗಳಿಂದ ನಾನು 1992ರ ಬಡಗ ನಿಘಂಟಿನ ಪದಗಳನ್ನು ಒಂದೊಂದಾಗಿ ಆ ಕೋಶದ ಗುಚ್ಛಸಂಖ್ಯೆಗಳಿಗೆ ಹೊಂದಿಸುವ ಕೆಲಸ ಮಾಡುತ್ತಿದ್ದೇನೆ. ‘ಹಾಲು’ 4096ರಲ್ಲಿ ತಕ್ಷಣ ಕುಳಿತುಕೊಳ್ಳುತ್ತದೆ. ಎಲ್ಲ ಪದಗಳೂ ಹಾಗಲ್ಲ. ಕೆಲವಕ್ಕೆ ಕನ್ನಡದಲ್ಲಿ ಜೋಡಿ ಸಿಗದೆ ಕೋತದಲ್ಲಿ ಸಿಗುತ್ತದೆ, ಇನ್ನು ಕೆಲವಕ್ಕೆ ಎಲ್ಲಿಯೂ ಇಲ್ಲ. ಅಂಥವನ್ನು ಬೇರೆ ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ಬಡಗ ಬಲ್ಲ ಓದುಗರು ಈ ಹಾಳೆಯನ್ನು ನೋಡಿ ತಿದ್ದುವುದಾದರೆ ಪತ್ರಿಕೆಯ ವಿಳಾಸಕ್ಕೆ ಬರೆಯಬೇಕೆಂದು ಕೋರುತ್ತೇನೆ. ಮುಂದೆ ಅದು ಅಚ್ಚಾದರೆ ತಿದ್ದಿದವರ ಹೆಸರು ಮುಖಪುಟದಲ್ಲಿಯೇ ಇರುತ್ತದೆ.